ಮೊದಲ ತಪ್ಪು, ದೊಡ್ಡ ತಪ್ಪು

ಎಲ್ಲದಕ್ಕೂ ಕಾರಣ ಒಂದು ಬಕೆಟ್ ನೀರು. ಗಡಿಯಾರ ರಿಪೇರಿಯ ರಾಯರು ಆ ಭಾನುವಾರ ಬೆಳಿಗ್ಗೆ ತಮ್ಮ ಹಳೆಯ ಕಾರಿನ ಬಾನೆಟ್ ಎತ್ತಿ, ಒಳಗೂ ಒಂದು ಸಲ ಹೊಳೆಯಲಿ ಎಂದು ಇಂಜಿನ್ ಮೇಲೆ ಆ ನೀರು ಸುರಿಯದೆ ಇದ್ದಿದ್ದರೆ, ಮುಂದಿನ ರಾದ್ಧಾಂತ ಯಾವುದೂ ಆಗುತ್ತಿರಲಿಲ್ಲ. ಕಾರಿಗೆ ಮೂವತ್ನಾಲ್ಕು ವರ್ಷ. ಮೈ ತೊಳೆಸಿಕೊಂಡು ಅದಕ್ಕೆ ಅಭ್ಯಾಸವಿತ್ತೇ ಹೊರತು ಹೊಟ್ಟೆಗೆ ನೀರು ಬಿದ್ದು ಅಭ್ಯಾಸವಿರಲಿಲ್ಲ. ಕೀಲಿ ತಿರುಗಿಸಿದಾಗ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ತೊಳೆಯುವ ಉಮೇದು ಸುಮ್ಮನೆ ಬಂದದ್ದಲ್ಲ. ಊರಾಚೆಯ ಹಳೆಯ ರನ್‌ವೇಯಲ್ಲಿ ಅಂದು ಕೊನೆಯ ಕಾರ್ ರೇಸು. ವಿಮಾನಗಳು ಆ ಕಡೆ ತಲೆ ಹಾಕುವುದನ್ನು ಬಿಟ್ಟು ಯಾವ ಕಾಲವಾಯಿತೋ. ಆಮೇಲೆ ಮೂವತ್ತು ವರ್ಷ ಅಲ್ಲಿ ಓಡಿದ್ದು ಊರಿನವರ ಕಾರುಗಳೇ. ಮುಂದಿನ ವಾರ ಅದನ್ನೂ ಅಗೆದು ಗೋದಾಮು ಕಟ್ಟುತ್ತಾರಂತೆ. ರನ್‌ವೇ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದು ಮರದ ಹಲಗೆಯಿದೆ. ವರ್ಷವರ್ಷ ಗೆದ್ದವರ ಹೆಸರು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದೆ. ರಾಯರ ಜೊತೆ ಶುರು ಮಾಡಿದವರೆಲ್ಲರೂ ಅದರಲ್ಲಿದ್ದಾರೆ. ಹಲ್ಲಿನ ಡಾಕ್ಟರು, ಬೇಕರಿಯವರು, ವಕೀಲರಂತೂ ಒಂಬತ್ತು ಸಲ. ಒಂದು ವರ್ಷ ಸುಮ್ಮನೆ ನೋಡಲು ಬಂದು, ಯಾರದೋ ಕಾರು ಓಡಿಸಿ ಗೆದ್ದ ಪೋಸ್ಟ್‌ಮ್ಯಾನ್ ಹೆಸರು ಕೂಡ ಇದೆ. ರಾಯರ ಹೆಸರು ಮಾತ್ರ ಇಲ್ಲ. ಹಲಗೆಯಲ್ಲಿ ಇನ್ನು ಒಂದೇ ಸಾಲಿಗೆ ಜಾಗವಿತ್ತು.

ರಾಯರು ಯಾಕೆ ಗೆಲ್ಲಲಿಲ್ಲ ಎಂದು ಕೇಳಿದರೆ ಅವರು ಅಂಗಡಿಯ ಕುರ್ಚಿ ಎಳೆದು ಕೂರಿಸಿ ಒಂದು ಗಂಟೆ ಹೇಳುತ್ತಿದ್ದರು. ನಾನು ಚಿಕ್ಕದಾಗಿ ಹೇಳುತ್ತೇನೆ. ಆ ರೇಸಿನಲ್ಲಿ ಎರಡೆರಡೇ ಕಾರು ಓಡುವುದು, ಕಾಲು ಮೈಲಿ. ಹಳೆಯದಕ್ಕೂ ಹೊಸದಕ್ಕೂ ಸಮ ಆಗಲೆಂದು ಬೆಳಿಗ್ಗೆಯೇ ಎಲ್ಲರನ್ನೂ ಒಮ್ಮೆ ಓಡಿಸಿ ಹೊತ್ತು ಬರೆದುಕೊಳ್ಳುತ್ತಾರೆ. ಇಬ್ಬರ ಹೊತ್ತಿಗೂ ಎಷ್ಟು ಅಂತರವೋ, ನಿಧಾನದ ಕಾರಿಗೆ ಅಷ್ಟು ಸೆಕೆಂಡು ಮೊದಲೇ ಹಸಿರು ದೀಪ. ಹಸಿರು ಬರುವ ಮುಂಚೆ ಕದಲಿದರೆ ಕೆಂಪು, ಕೆಂಪು ಬಂದರೆ ಸೋಲು. ಇಬ್ಬರಿಗೂ ಕೆಂಪು ಬಂದರೆ ಯಾರಿಗೆ ಮೊದಲು ಬಂತೋ ಅವರು ಸೋತ ಹಾಗೆ. ಇಲ್ಲೇ ಇತ್ತು ನೋಡಿ ರಾಯರ ಹೊಟ್ಟೆಯುರಿ. ನಿಧಾನದ ಕಾರು ಮೊದಲು ಹೊರಡುವುದರಿಂದ, ಇಬ್ಬರೂ ತಪ್ಪಿದಾಗ ಮೊದಲು ಸಿಕ್ಕಿಬೀಳುವುದು ಯಾವಾಗಲೂ ಅದೇ. ಇಡೀ ರನ್‌ವೇಯಲ್ಲಿ ರಾಯರ ಕಾರಿಗಿಂತ ನಿಧಾನದ್ದು ಇನ್ನೊಂದಿರಲಿಲ್ಲ.

ರಾಯರ ಬಲಗಾಲೂ ಅಂಥದ್ದೇ. ಊರಿನ ಗಡಿಯಾರಗಳನ್ನೆಲ್ಲ ಸರಿಯಾದ ಹೊತ್ತಿಗೆ ತರುವ ಮನುಷ್ಯನ ಕಾಲು ಹಸಿರು ದೀಪಕ್ಕೆ ಕಾಯಲು ಒಪ್ಪುತ್ತಿರಲಿಲ್ಲ. ಕೂದಲೆಳೆಯಷ್ಟು ಮೊದಲು ಹಾರುವುದು, ಕೆಂಪು ಬೀಳುವುದು. ಪಕ್ಕದ ಸಾಲಿನಲ್ಲಿ ವಕೀಲರು ಅದನ್ನು ಕಂಡ ಕೂಡಲೇ, ತಮ್ಮ ಹಸಿರಿಗೂ ಕಾಯದೆ, ಕಿಟಕಿಯಿಂದ ಒಂದು ಕೈ ಹೊರಗೆ ಹಾಕಿ ಮೇಲೆತ್ತಿ, ಮೆರವಣಿಗೆ ಹೊರಟವರ ಹಾಗೆ ಮೆಲ್ಲಗೆ ಹೊರಟುಬಿಡುತ್ತಿದ್ದರು. ಅವರದ್ದೂ ತಪ್ಪೇ, ಐದಾರು ಸೆಕೆಂಡಿನ ತಪ್ಪು. ಆದರೆ ಓಟ ಆಗಲೇ ಮುಗಿದಿದೆಯಲ್ಲ, ಸತ್ತ ಓಟದಲ್ಲಿ ಎಂಥ ತಪ್ಪು ಎಂದು ಅವರ ವಾದ. ಆ ಎತ್ತಿದ ಕೈಯನ್ನು ರಾಯರು ಎಷ್ಟು ವರ್ಷ ನೋಡಿದ್ದರೆಂದರೆ, ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ತಾವೂ ಹಾಗೆ ಕೈಯೆತ್ತಿ ಅಭ್ಯಾಸ ಮಾಡುತ್ತಿದ್ದರು.

ಅದಕ್ಕೇ ಅರ್ಜಿ. ಇಬ್ಬರೂ ತಪ್ಪಿದರೆ ಮೊದಲು ತಪ್ಪಿದವರಲ್ಲ, ಹೆಚ್ಚು ತಪ್ಪಿದವರು ಸೋಲಬೇಕು ಎಂದು ರಾಯರು ಪ್ರತಿ ವರ್ಷ ರೇಸಿನ ಸಂಘಕ್ಕೆ ಎರಡು ಪುಟ ಬರೆಯುತ್ತಿದ್ದರು. ಅದನ್ನು ಟೈಪ್ ಮಾಡುತ್ತಿದ್ದವರು ಅವರ ಹೆಂಡತಿ. ಕೋರ್ಟಿನಲ್ಲಿ ಟೈಪಿಸ್ಟಾಗಿ ನಿವೃತ್ತರಾದವರು, ಒಂದು ಅಕ್ಷರ ಅತ್ತಿತ್ತ ಆಗದ ಕೈ. ಪ್ರತಿ ವರ್ಷ ಸಂಘದ ಕಾರ್ಯದರ್ಶಿ, ನಿವೃತ್ತ ಸ್ಟೇಷನ್ ಮಾಸ್ಟರು, ಅರ್ಜಿಯನ್ನು ಗೌರವದಿಂದ ತೆಗೆದುಕೊಂಡು ಫೈಲಿಗೆ ಹಾಕುತ್ತಿದ್ದರು.

ಇರಲಿ, ನೀರು ಕುಡಿದ ಕಾರಿನ ಹತ್ತಿರ ಹೋಗೋಣ. ಬೀದಿಯಲ್ಲಿ ಒಂದು ಬಾನೆಟ್ ತೆರೆದರೆ ಹತ್ತು ತಲೆ ಬಗ್ಗುತ್ತವೆ. ಎದುರು ಮನೆಯವರು ಪ್ಲಗ್ ಬಿಚ್ಚಿ ಎಂದರು. ಬಿಚ್ಚಿದ ಮೇಲೆ ಮೂಲೆ ಮನೆಯವರು ಬಂದು, ಯಾರ್ರೀ ಪ್ಲಗ್ ಬಿಚ್ಚಿದ್ದು ಎಂದು ಬೈದರು. ಮಹಡಿ ಮನೆಯಾಕೆ ಕೂದಲು ಒಣಗಿಸುವ ಮಿಷನ್ನು ತಂದುಕೊಟ್ಟರು. ಅದನ್ನು ಹಚ್ಚಿದ್ದೇ ಮನೆಯ ಫ್ಯೂಸ್ ಹಾರಿತು. ಐದು ಜನ ಸೇರಿ ತಳ್ಳಿದರು. ಇಳಿಜಾರಿನಲ್ಲಿ ಕಾರು ಚೆನ್ನಾಗಿಯೇ ಓಡಿತು. ಆದರೆ ಇಂಜಿನ್ ಹತ್ತಲಿಲ್ಲ, ಮತ್ತೆ ಅಷ್ಟೂ ದೂರ ಹಿಂದಕ್ಕೆ ತಳ್ಳಬೇಕಾಯಿತು. ರಾಯರ ಹೆಂಡತಿ ಮೆಟ್ಟಿಲ ಮೇಲೆ ನಿಂತು, ಬಾನೆಟ್ ತೆಗೆದಿಟ್ಟು ಬಿಸಿಲಿಗೆ ಬಿಡಿ, ತಾನಾಗಿ ಒಣಗುತ್ತೆ ಎಂದು ಮೂರು ಸಲ ಹೇಳಿದರು. ಅಷ್ಟು ಸುಲಭದ ಮಾತನ್ನು ಯಾರು ಕೇಳುತ್ತಾರೆ?

ಕೊನೆಗೆ ಅಳಿಯ ಬಂದ. ಅವನದು ಹೊಸ ಕಾರು, ಕ್ಲಚ್ಚೇ ಇಲ್ಲ, ಬ್ರೇಕ್ ಮೇಲಿನ ಕಾಲೆತ್ತಿದರೆ ಸಾಕು ಹೊರಡುತ್ತದೆ. "ಮಾವ, ಇದನ್ನೇ ತಗೊಂಡು ಹೋಗಿ. ನಾನೂ ಜೊತೆಗೆ ಬರ್ತೀನಿ" ಎಂದ. ರಾಯರಿಗೆ ಹಳೆಯ ಕಾರನ್ನು ಬಿಟ್ಟುಹೋಗಲು ಮನಸ್ಸು ಬರಲಿಲ್ಲ. ಮೊದಲ ರೇಸಿಗೆ ಹೋದಾಗ ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು, ಪಕ್ಕದಲ್ಲಿ ಹೆಂಡತಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದರು. ಆಗ ದೀಪದ ಕಂಬವೂ ಇರಲಿಲ್ಲ, ಸ್ಟೇಷನ್ ಮಾಸ್ಟರು ಬಾವುಟ ಬೀಸುತ್ತಿದ್ದರು. ಅದೇ ಮಗಳ ಗಂಡ ಈಗ ಕೀಲಿ ನೀಡುತ್ತಿದ್ದಾನೆ. ಹೊತ್ತಾಗುತ್ತಿತ್ತು, ತೆಗೆದುಕೊಂಡರು.

ರನ್‌ವೇಗೆ ಬಂದಾಗ ರಾಯರ ಎದೆ ತುಂಬಿ ಬಂತು. ಬಿರುಕುಗಳಲ್ಲಿ ಅದೇ ಹುಲ್ಲು, ಅದೇ ಗಾಳಿ, ಅದೇ ಪೆಟ್ರೋಲಿನ ವಾಸನೆ. ಒಂದು ಕಾಲದಲ್ಲಿ ನಲವತ್ತು ಕಾರು ಸಾಲುಗಟ್ಟುತ್ತಿದ್ದ ಜಾಗದಲ್ಲಿ ಈಗ ಏಳು. ಹಲ್ಲಿನ ಡಾಕ್ಟರು ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಪೋಸ್ಟ್‌ಮ್ಯಾನಿಗೆ ಕಣ್ಣು ಕಾಣುವುದಿಲ್ಲ, ಆದರೂ ಕುರ್ಚಿ ಹಾಕಿಸಿಕೊಂಡು ಸದ್ದು ಕೇಳಲು ಬಂದು ಕೂತಿದ್ದರು. ಅವರು ಇಂಜಿನ್ನಿನ ಸದ್ದಿಗೆ ತಲೆ ಓರೆ ಮಾಡಿ, "ಇದು ನಿಮ್ಮ ಕಾರಲ್ಲವಲ್ಲ ರಾಯರೇ" ಎಂದಾಗ ರಾಯರು ಯಾವುದೋ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ನಾಚಿದರು.

ಬೆಳಗಿನ ಸಭೆಯಲ್ಲಿ ಸ್ಟೇಷನ್ ಮಾಸ್ಟರು ಫೈಲು ತೆಗೆದರು. ಮೂವತ್ತು ಅರ್ಜಿಗಳು, ಅರವತ್ತು ಪುಟ. ಇವತ್ತಾದರೂ ಇದನ್ನು ಇತ್ಯರ್ಥ ಮಾಡಬೇಕು ಎಂದರು. ಎಲ್ಲರೂ ವಕೀಲರತ್ತ ನೋಡಿದರು. ವಕೀಲರು ಕನ್ನಡಕ ಒರೆಸಿಕೊಂಡು, ಹಳೆಯ ನಿಯಮವೇ ಸರಿ ಎಂದು ತಾವು ಈಗಲೂ ನಂಬುವುದಾಗಿಯೂ, ಆದರೆ ಕೊನೆಯ ದಿನ ಗೆಳೆಯನ ಆಸೆಯೊಂದು ತೀರಲಿ ಎಂದು ಕೈಯೆತ್ತುತ್ತಿರುವುದಾಗಿಯೂ ಹೇಳಿದರು. ಉಳಿದವರೂ ಕೈಯೆತ್ತಿದರು. ನಿಯಮ ಬದಲಾಯಿತು. ರಾಯರು ಎದ್ದು ನಿಂತು ಎಲ್ಲರಿಗೂ ಕೈಮುಗಿದು ಕೂತರು.

ಕೂತ ಮೇಲೆಯೇ ಅವರಿಗೆ ಹೊಳೆದದ್ದು, ಇವತ್ತು ತಾವು ಓಡಿಸುವುದು ಅಲ್ಲಿನ ಎಲ್ಲಕ್ಕಿಂತ ವೇಗದ ಕಾರು ಎಂದು. ಮೂವತ್ತು ವರ್ಷ ಜಗಳವಾಡಿ ತಂದ ನಿಯಮದಿಂದ ಇವತ್ತು ಲಾಭ ಬೇರೆಯವರಿಗೆ. ಆದರೆ ಅಷ್ಟು ಖುಷಿಯಲ್ಲಿ ಅದನ್ನು ಯೋಚಿಸುವ ಮನಸ್ಸಾಗಲಿಲ್ಲ.

ಏಳು ಕಾರಾದರೆ ಜೋಡಿ ಕೂಡುವುದಿಲ್ಲ. ಸ್ಟೇಷನ್ ಮಾಸ್ಟರು ತಲೆ ಕೆರೆದುಕೊಳ್ಳುತ್ತಿರುವಾಗ ದೂರದಿಂದ ಒಂದು ಕೆಮ್ಮು ಕೇಳಿಸಿತು. ಕುರುಡು ಪೋಸ್ಟ್‌ಮ್ಯಾನ್, "ಇಗೋ, ಇದು ನಿಮ್ಮ ಕಾರು" ಎಂದರು. ಬಿಸಿಲಿಗೆ ಒಣಗಿದ ಹಳೆಯ ಕಾರು ಓಡಿಸಿಕೊಂಡು ರಾಯರ ಹೆಂಡತಿ ಬಂದಿದ್ದರು, ರಾಯರು ಮರೆತುಬಂದ ಊಟದ ಡಬ್ಬಿ ತಗೊಂಡು. ಬಂದವರನ್ನು ಸ್ಟೇಷನ್ ಮಾಸ್ಟರು ಬಿಡಲಿಲ್ಲ. ಎಂಟನೆಯ ಕಾರು ಸಿಕ್ಕಿತು ಎಂದು ಹೆಸರು ಬರೆದುಕೊಂಡೇಬಿಟ್ಟರು. ಆಕೆ ಬೇಡ ಬೇಡ ಎನ್ನುತ್ತಲೇ ಬೆಳಗಿನ ಓಟ ಓಡಿಸಿಯೂ ಆಯಿತು. ಇಪ್ಪತ್ನಾಲ್ಕು ಸೆಕೆಂಡು. ಅಳಿಯನ ಕಾರಿಗೆ ಹದಿನಾರು.

ಮೊದಲ ಸುತ್ತಿನಲ್ಲಿ ರಾಯರಿಗೆ ಬೇಕರಿಯವರು ಎದುರಾದರು. ರಾಯರ ಕಾಲಿನ ಚರಿತ್ರೆ ಗೊತ್ತಿದ್ದ ಅಳಿಯ ಪಕ್ಕದಲ್ಲಿ ಕೂತು, ಹಸಿರು ಬರುವವರೆಗೆ ಮಾವನ ಮೊಣಕಾಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದ. ಬೇಕರಿಯವರ ವ್ಯಾನು ಅರ್ಧ ದಾರಿಯಲ್ಲಿ ಆವಿ ಬಿಟ್ಟು ನಿಂತಿತು. ಎರಡನೆಯ ಸುತ್ತಿನಲ್ಲಿ ವಕೀಲರು. ರಾಯರೆದುರು ಜನ್ಮದಲ್ಲಿ ಮೊದಲ ಸಲ ತಾವು ಮೊದಲು ಹೊರಡಬೇಕಾಗಿ ಬಂದು ವಕೀಲರ ಬೆವರು ಇಳಿಯಿತು. ಕೆಂಪು ಬಿದ್ದೀತೆಂಬ ಹೆದರಿಕೆಯಲ್ಲಿ ಹಸಿರು ಬಂದ ಮೇಲೂ ಎರಡು ಸೆಕೆಂಡು ಅದು ಹಸಿರು ಹೌದೋ ಅಲ್ಲವೋ ಎಂದು ನೋಡುತ್ತ ಕೂತರು. ರಾಯರು ಗೆದ್ದರು. ವಕೀಲರು ಇಳಿದು ಬಂದು, "ನೀವು ಇಷ್ಟು ವರ್ಷ ಹೇಗೆ ತಡೆದುಕೊಂಡಿರಿ ಮಾರಾಯ್ರೇ" ಎಂದು ಕೈ ಹಿಡಿದುಕೊಂಡರು.

ಇತ್ತ ಆ ಹಳೆಯ ಕಾರಿನದು ಬೇರೆಯೇ ಕತೆ. ಹೆಂಡತಿ ಎರಡು ಸುತ್ತಿನಲ್ಲೂ ಹಸಿರು ಕಂಡ ಆ ಗಳಿಗೆಗೇ ಹೊರಟು, ತರಕಾರಿ ತರಲು ಹೋದಷ್ಟು ನೆಮ್ಮದಿಯಾಗಿ ಓಡಿಸಿ, ಎರಡರಲ್ಲೂ ಗೆದ್ದು ಕೂತಿದ್ದರು. ಕೊನೆಯ ಓಟಕ್ಕೆ ಉಳಿದದ್ದು ಗಂಡ ಹೆಂಡತಿ ಇಬ್ಬರೇ.

ಜನಕ್ಕೆ ಇದಕ್ಕಿಂತ ಬೇಕೇ? ಮನೆ ಜಗಳವನ್ನು ರನ್‌ವೇಗೆ ತಂದರು ಎಂದು ಒಬ್ಬರು, ರಾತ್ರಿ ಊಟ ಬೇಕಾದರೆ ಸೋಲಿ ಎಂದು ಇನ್ನೊಬ್ಬರು. ಆಕೆ ಗಂಡನ ಹತ್ತಿರ ಬಂದು, "ನಾನು ಹಿಂದೆ ಸರೀಲಾ?" ಎಂದು ಮೆಲ್ಲಗೆ ಕೇಳಿದರು. ರಾಯರು ಒಪ್ಪಲಿಲ್ಲ. ಹಾಗೆ ಸಿಕ್ಕಿದ ಹೆಸರು ತಮಗೆ ಬೇಡ, ಓಡಿಯೇ ಗೆಲ್ಲಬೇಕು ಎಂದರು. ಅದೇ ಬಿಂಕದಲ್ಲಿ ಅಳಿಯನನ್ನೂ ಕೆಳಗಿಳಿಸಿದರು. "ಮಾವ, ನಿಮ್ಮ ಕಾಲು..." ಎಂದು ಅವನು ಶುರುಮಾಡಿದ. ನನ್ನ ಕಾಲು ನನಗೆ ಗೊತ್ತು ಎಂದು ಬಾಗಿಲು ಹಾಕಿಕೊಂಡರು.

ಹಳೆಯ ಕಾರಿಗೆ ಎಂಟು ಸೆಕೆಂಡು ಮೊದಲು. ದೀಪಗಳು ಒಂದೊಂದಾಗಿ ಹತ್ತಿದವು. ಹೆಂಡತಿಯ ಸಾಲಿನಲ್ಲಿ ಹಸಿರು ಬರಬೇಕಾದ ಜಾಗದಲ್ಲಿ ಥಟ್ಟನೆ ಕೆಂಪು ಹತ್ತಿತು.

ರಾಯರಿಗೆ ಮೊದಲು ನಂಬಿಕೆಯಾಗಲಿಲ್ಲ. ಎದುರಾಳಿಗೆ ಕೆಂಪು. ಮೂವತ್ತು ವರ್ಷ ಈ ರನ್‌ವೇಯಲ್ಲಿ ಎದುರಾಳಿಗೆ ತಮಗಿಂತ ಮೊದಲು ಕೆಂಪು ಬಿದ್ದದ್ದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಎರಡು ಸೆಕೆಂಡು ಆ ಕೆಂಪನ್ನೇ ಕಣ್ತುಂಬ ನೋಡಿದರು. ಹಲ್ಲಿನ ಡಾಕ್ಟರು ಇರಬೇಕಿತ್ತು ಅನ್ನಿಸಿತು. ಆಮೇಲೆ ಕಿಟಕಿಯಿಂದ ಕೈ ಹೊರಗೆ ಹಾಕಿ, ಮೇಲೆತ್ತಿ, ಬ್ರೇಕಿನ ಮೇಲಿನ ಕಾಲನ್ನು ನಿಧಾನವಾಗಿ ತೆಗೆದು, ಮೆರವಣಿಗೆಯ ಹಾಗೆ ಹೊರಟರು.

ಶೆಡ್ಡಿನ ಹತ್ತಿರ ಎಲ್ಲರೂ ತಲೆಯ ಮೇಲೆ ಕೈ ಹೊತ್ತುಕೊಂಡು ನಿಂತಿದ್ದರು. ರಾಯರು ಅದನ್ನು ಸಂತೋಷವೆಂದು ತಿಳಿದು ಇನ್ನಷ್ಟು ಜೋರಾಗಿ ಕೈ ಬೀಸಿದರು. ಅಳಿಯ ಪಕ್ಕದಲ್ಲಿ ಓಡಿಬರುತ್ತ ಏನೋ ಕೂಗುತ್ತಿದ್ದ. ಗಾಜು ಇಳಿದೇ ಇತ್ತು, ಆದರೂ ಅವರಿಗೆ ಕೇಳಿಸಲಿಲ್ಲ.

ವಾಪಸು ಬಂದಾಗ ಸ್ಟೇಷನ್ ಮಾಸ್ಟರು ಹೊತ್ತು ಅಳೆಯುವ ಮಿಷನ್ನಿನಿಂದ ಬಂದ ಚೀಟಿ ಹಿಡಿದು, ರೈಲು ತಡವೆಂದು ಹೇಳುವ ಅದೇ ಹಳೆಯ ದನಿಯಲ್ಲಿ ಓದಿದರು. ಹಳೆಯ ಕಾರಿನ ತಪ್ಪು, ಒಂದು ಸೆಕೆಂಡಿನ ನೂರರಲ್ಲಿ ಎರಡು ಪಾಲು. ಹೊಸ ಕಾರಿನ ತಪ್ಪು, ಆರು ಸೆಕೆಂಡು. ಸಂಘದ ಚರಿತ್ರೆಯಲ್ಲಿ ಇಷ್ಟು ದೊಡ್ಡ ತಪ್ಪು ದಾಖಲಾಗಿಲ್ಲ ಎಂದೂ ಸೇರಿಸಿದರು. "ಹಳೇ ನಿಯಮದಲ್ಲಿ ನೀವೇ ಗೆದ್ದಿರ್ತಿದ್ರಿ ರಾಯರೇ. ಇವತ್ತು ಬೆಳಿಗ್ಗೆ ಬದಲಾಯಿಸಿದ್ವಲ್ಲ."

ರಾಯರು ವಕೀಲರತ್ತ ನೋಡಿದರು. ವಕೀಲರು ಪಾಪ, ಎಷ್ಟು ಯೋಚಿಸಿದರೂ ಇದಕ್ಕೊಂದು ದಾರಿಯಿಲ್ಲ ಎಂದು ಕೈಚೆಲ್ಲಿದರು. ಅರ್ಜಿಯನ್ನು ಅಷ್ಟು ಅಚ್ಚುಕಟ್ಟಾಗಿ ಬರೆದಿದ್ದೀರಿ, ಒಂದು ಸಂದೂ ಬಿಟ್ಟಿಲ್ಲ ಎಂದರು. ಬಣ್ಣದವನು ಬಂದು ಹಲಗೆಯ ಕೊನೆಯ ಸಾಲಿನಲ್ಲಿ ರಾಯರ ಹೆಂಡತಿಯ ಹೆಸರು ಬರೆದ. ಎಲ್ಲರೂ ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ರಾಯರು ತಟ್ಟಿದರು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಅಳಿಯ ತನ್ನ ಕಾರು ತೆಗೆದುಕೊಂಡು ಮುಂದೆ ಹೋದ. ಹಳೆಯ ಕಾರನ್ನು ಹೆಂಡತಿ ಓಡಿಸುತ್ತಿದ್ದರು, ರಾಯರು ಪಕ್ಕದ ಸೀಟಿನಲ್ಲಿ. ರನ್‌ವೇ ಕಣ್ಮರೆಯಾಗುವವರೆಗೆ ಅವರು ಹಿಂದಿನ ಗಾಜಿನತ್ತಲೇ ನೋಡುತ್ತಿದ್ದರು. ಆಮೇಲೆ ರಾಯರು, ಎರಡು ಸುತ್ತು ಅಷ್ಟು ಚೆನ್ನಾಗಿ ಹೊರಟವಳ ಕಾಲು ಕೊನೆಯಲ್ಲಿ ಹೇಗೆ ಜಾರಿತು ಎಂದು ಕೇಳಿದರು.

ಆಕೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಜಾರಲಿಲ್ಲ ರೀ. ಬೇಕು ಅಂತಲೇ ಬಿಟ್ಟೆ. ಯಾರಿಗೂ ಅನುಮಾನ ಬರಬಾರದು ಅಂತ ಒಂದೇ ಒಂದು ಚೂರು."

ರಾಯರು ತಿರುಗಿ ನೋಡಿದರು.

"ನಂಗೆ ಕೆಂಪು ಬಿದ್ದರೆ ಹೊಸ ನಿಯಮದಲ್ಲೂ ಸೋಲು ನಂದೇ. ನೀವು ನಿಮ್ಮ ಹಸಿರಿಗೆ ಕಾದು ಹೊರಟಿದ್ರೆ ಆಗಿತ್ತು, ಹಲಗೇಲಿ ನಿಮ್ಮ ಹೆಸರೇ ಇರ್ತಿತ್ತು" ಎಂದರು ಆಕೆ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ದುಃಖವೇ ಇತ್ತು. "ಎಂಟು ಸೆಕೆಂಡು ರೀ. ನನಗೋಸ್ಕರ ಎಂಟೇ ಎಂಟು ಸೆಕೆಂಡು ಸುಮ್ನೆ ಕೂತ್ಕೊಳ್ಳೋಕೆ ಆಗ್ಲಿಲ್ವಾ ನಿಮ್ಮ ಕೈಲಿ?"

ಅಲ್ಲಿಂದ ಮನೆಗೆ ಇಪ್ಪತ್ತು ನಿಮಿಷದ ದಾರಿ. ಅಷ್ಟು ಹೊತ್ತೂ ರಾಯರು ಕಾಲು ಕೂಡ ಅಲ್ಲಾಡಿಸದೆ, ಸುಮ್ಮನೆ ಕೂತಿದ್ದರು.