ಕಣ್ಣು ಮುಚ್ಚಿ ನೋಡಿದ ದೆವ್ವಗಳು

ದಾವಣಗೆರೆಗೂ ಹರಿಹರಕ್ಕೂ ನಡುವೆ ನನ್ನ ಸೋದರಮಾವನಷ್ಟು ದೆವ್ವದ ಸಿನಿಮಾಗಳಿಗೆ ಹೋದವರು ಇನ್ನೊಬ್ಬರಿಲ್ಲ. ಅವರು ಇಂದಿನವರೆಗೆ ಒಂದೇ ಒಂದು ದೆವ್ವವನ್ನೂ ನೋಡಿಲ್ಲ. ಎರಡೂ ಮಾತು ನಿಜ. ಥಿಯೇಟರಿನಲ್ಲಿ ದೀಪ ಆರಿದ ಕೂಡಲೇ ಮಾವ ಕಣ್ಣು ಮುಚ್ಚುತ್ತಾರೆ, ಹತ್ತಿದ ಮೇಲೆ ತೆರೆಯುತ್ತಾರೆ. ನಡುವೆ ಅವರು ಪ್ರೇಕ್ಷಕರಲ್ಲ, ಟಿಕೆಟ್ ಕೊಂಡ ಶ್ರೋತೃ.

"ಹಂಗಾದ್ರೆ ಯಾಕ ಹೋಗ್ತೀರಿ ಮಾವ?" ಎಂದು ಒಮ್ಮೆ ಕೇಳಿದೆ.

"ಮನೆಯಾಗೆ ಒಬ್ನೇ ಕುಂತು ಹೆದ್ರಿಕೊಂಡ್ರೆ ಜನ ಹುಚ್ಚ ಅಂತಾರೆ ಅಳಿಯಾ. ಅಲ್ಲಿ ಎಲ್ರೂ ಹೆದ್ರಿಕೋತಾರೆ. ಅದಕ್ಕೊಂದು ಮರ್ಯಾದೆ ಐತೆ."

ಮಾವ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ರಾಜವಂಶಗಳನ್ನು ಕೇಳುವ ಮಕ್ಕಳು ಕೈತಪ್ಪಿ ಹೋದ ಮೇಲೆ, ವಿದ್ಯಾನಗರದ ಮನೆಯ ವರಾಂಡದಲ್ಲಿ ಕೂತು ದೆವ್ವದ ಸಿನಿಮಾದ ಸಮಗ್ರ ಇತಿಹಾಸವನ್ನು ಬಂದವರಿಗೆಲ್ಲ ಬೋಧಿಸತೊಡಗಿದರು. ಗ್ಯಾಸ್ ಸಿಲಿಂಡರ್ ತಂದವನೂ ಒಂದು ಅಧ್ಯಾಯ ಕೇಳಿಯೇ ಹೋಗಬೇಕು.

ಮೂಕಿ ಚಿತ್ರಗಳ ಕಾಲವನ್ನು ಮಾವ ಮಾನ್ಯ ಮಾಡಿಲ್ಲ. "ಗೋಡೆ ಮ್ಯಾಲೆ ನೆರಳು ಬಂತಂತೆ, ಪರದೇಶದ ಜನ ಕುರ್ಚಿ ಬಿಟ್ಟು ಎದ್ರಂತೆ. ಸದ್ದೇ ಇಲ್ಲ ಅಂದ್ರೆ ಕಣ್ ಮುಚ್ಚಿದೋನ ಗತಿ ಏನು?" ಹೀಗೆ ಒಂದಿಡೀ ಯುಗ ಅವರ ಪಠ್ಯದಿಂದ ಹೊರಬಿತ್ತು. ನಿಜವಾದ ಇತಿಹಾಸ ಆರಂಭವಾಗುವುದು ಗೆಜ್ಜೆಯಿಂದ. ಕಪ್ಪು ಬಿಳುಪಿನ ದೆವ್ವ ಬಿಳಿ ಸೀರೆಯುಟ್ಟು, ದೀಪ ಹಿಡಿದು, ಶ್ರುತಿ ತಪ್ಪದೆ ಹಾಡುತ್ತಿತ್ತು. "ಸಂಗೀತ ಕಲಿತ ದೆವ್ವ ಅದು. ಒಳ್ಳೆ ಮನೆತನದ್ದು." ಆಮೇಲೆ ಬಣ್ಣ ಬಂತು. ಬಣ್ಣದ ಜೊತೆ ಹಸಿರು ಹೊಗೆ, ನಿಂಬೆಹಣ್ಣು, ಮಂತ್ರವಾದಿಯ ಕೆಮ್ಮು, ಕಿರ್ರೆನ್ನುವ ಬಾಗಿಲು. ಇದಕ್ಕೆ ಮಾವ ಕೊಟ್ಟ ಹೆಸರು "ಎಣ್ಣೆ ಕಾಣದ ಬಾಗಿಲುಗಳ ಯುಗ". ನಂತರದ್ದು ಅರ್ಧ ನಗಿಸಿ ಅರ್ಧ ಹೆದರಿಸುವ ದೆವ್ವ. ಅದನ್ನು ಅವರು ಪತನದ ಕಾಲವೆನ್ನುತ್ತಾರೆ. ಈಗಿನ ದೆವ್ವ ಫೋನಿನಲ್ಲಿದೆ, ಕ್ಯಾಮೆರಾದಲ್ಲಿದೆ, ಮತ್ತು ಬಹಳ ಹೊತ್ತು ಸುಮ್ಮನಿರುತ್ತದೆ.

"ಒಟ್ಟು ಬೆಳವಣಿಗೆ ಏನಪ್ಪಾ ಅಂದ್ರೆ," ಎಂದು ಮಾವ ಪಾಠ ಮುಗಿಸುತ್ತಾರೆ, "ಮೊದ್ಲು ದೆವ್ವ ಊರಾಚೆ ಹಾಳು ಬಂಗ್ಲೆಯಾಗೆ ಇತ್ತು. ಆಮ್ಯಾಲೆ ಊರೊಳಗೆ ಬಂತು. ಆಮ್ಯಾಲೆ ಮಲಗೋ ಕೋಣಿಗೆ ಬಂತು. ಈಗ ಜೇಬಿನಾಗೈತೆ. ಬರ್ತಾ ಬರ್ತಾ ಹತ್ರ ಆಗೈತೆ, ಅಷ್ಟೇ."

ಕಣ್ಣು ಮುಚ್ಚಿದವರಿಗೆ ಕೈ ಬೇಕಾಗುತ್ತದೆ. ಪಕ್ಕದಲ್ಲಿ ಯಾರಿದ್ದರೋ ಅವರ ಮುಂಗೈ. ಮಾವನ ಜೊತೆ ಸಿನಿಮಾಕ್ಕೆ ಹೋಗಿಬಂದ ನೆಂಟರನ್ನು ಉಗುರಿನ ಗುರುತಿನಿಂದಲೇ ಪತ್ತೆ ಮಾಡಬಹುದಿತ್ತು. ಹರಿಹರದಲ್ಲಿ ಒಮ್ಮೆ ಮ್ಯಾಟಿನಿಗೆ ಒಬ್ಬರೇ ಹೋಗಿ, ಗೆಜ್ಜೆ ಸದ್ದಿಗೆ ಪಕ್ಕದ ಕುರ್ಚಿಯ ಅಪರಿಚಿತರ ಕೈಯನ್ನು ಭದ್ರವಾಗಿ ಹಿಡಿದುಕೊಂಡರು. ಅವರು ಪೇಟೆಯ ವಯಸ್ಸಾದ ಟೈಲರ್ ಸಾಹೇಬರು. ಸ್ವಲ್ಪ ಹೊತ್ತು ತಡೆದು, ಪಿಸುಮಾತಿನಲ್ಲಿ ಹೇಳಿದರಂತೆ: "ಭಾಯ್, ಕೈ ಬಿಡ್ರಿ. ನಂಗೂ ಭಯ ಆಗ್ತೈತೆ. ನಾ ಯಾರದ್ದು ಹಿಡೀಲಿ?"

ಇಬ್ಬರೂ ವಿರಾಮದವರೆಗೆ ಪರಸ್ಪರ ಕೈ ಹಿಡಿದುಕೊಂಡು ಕೂತರು. ಅಂದಿನಿಂದ ಮಾವ ಜುಬ್ಬಾಗಳನ್ನೆಲ್ಲ ಅವರ ಹತ್ತಿರವೇ ಹೊಲಿಸುತ್ತಾರೆ.

ಇನ್ನು ಅತ್ತೆ. ಭಾನುವಳ್ಳಿಯ ಹೆಣ್ಣುಮಗಳು, ಹಾವು ಬಂದರೆ ಪೊರಕೆ ಹುಡುಕುವವರೇ ಹೊರತು ಕೂಗುವವರಲ್ಲ. ಪರದೆಯ ಮೇಲೆ ಏನೇ ಎದ್ದು ಬರಲಿ, ಅತ್ತೆ ಮಂಡಕ್ಕಿ ತಿನ್ನುತ್ತ ಗಂಡನ ಕಿವಿಯಲ್ಲಿ ವರದಿ ಒಪ್ಪಿಸುತ್ತಿದ್ದರು: "ಬಾಗ್ಲು ತೆಗೀತು. ಯಾರೂ ಇಲ್ಲ. ಈಗ ಹಿಂದೆ ಬಂತು. ಸೀರೆ ಚಲೋ ಐತೆ. ಹೋತು, ಉಸಿರು ಬಿಡ್ರಿ." ಮಾವನ ವಿದ್ವತ್ತಿನ ಮೂಲ ಆಕರ ಇದು. ಅತ್ತೆ ಬೇಸರವಾಗಿ ಸುಮ್ಮನಾದ ಸಿನಿಮಾಗಳ ಬಗ್ಗೆ ಮಾವನಿಗೆ ಯಾವ ಅಭಿಪ್ರಾಯವೂ ಇಲ್ಲ.

ಅಂಥ ಅತ್ತೆಗೆ ಹೋದ ವರ್ಷ ತಲೆಸುತ್ತು ಶುರುವಾಯಿತು. ಕೂತಲ್ಲಿ ಮನೆ ತಿರುಗುತ್ತಿತ್ತು. ಒಂದು ದಿನ ಒಲೆಯ ಮುಂದೆಯೇ ಬಿದ್ದರು. ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಲೇಬೇಕೆಂದರು. ಒಳಗೆ ಗಡ್ಡೆ ಇಲ್ಲವೆಂದು ಖಾತ್ರಿಯಾಗಬೇಕಿತ್ತು. ಆ ಒಂದು ಪದ ಕೇಳಿದ ಮೇಲೆ ವರಾಂಡದ ಪಾಠ ನಿಂತಿತು. ಸಿಲಿಂಡರಿನವನು ಹೊರಗೆ ನಿಂತು, "ಮಾಷ್ಟ್ರಿಗೆ ಆರಾಮಿಲ್ಲೇನ್ರಿ?" ಎಂದು ಕೇಳಿ ಹೋದ.

ಸ್ಕ್ಯಾನಿಗೆ ನಾನೂ ಹೋಗಿದ್ದೆ. ಮೈಮೇಲೆ ಲೋಹದ್ದೇನೂ ಇರಬಾರದೆಂದು ಅಲ್ಲಿಯ ಹುಡುಗಿ ಹೇಳಿದಳು. ತಾಳಿ, ಬಳೆ, ಓಲೆ ಸುಲಭವಾಗಿ ಬಂದವು. ಕಾಲುಂಗುರ ಬರಲಿಲ್ಲ, ಮದುವೆಯಲ್ಲಿ ಹಾಕಿದವು, ಬೆರಳೇ ಅವುಗಳ ಸುತ್ತ ಬೆಳೆದಿತ್ತು. ಸೋಪು ಹಚ್ಚಿ ತೆಗೆದು ಎಲ್ಲವನ್ನೂ ನನ್ನ ಕರವಸ್ತ್ರದಲ್ಲಿ ಕಟ್ಟಿದೆವು. ಅತ್ತೆ ಒಳಗೆ ಹೋಗಿ, ಮಲಗಿಸಿ ಒಳಗೆ ತಳ್ಳುವ ಯಂತ್ರದ ಕೊಳವೆಯನ್ನು ನೋಡಿ, ಬಂದ ದಾರಿಯಲ್ಲೇ ವಾಪಸು ಬಂದರು.

"ನಾ ಒಲ್ಲೆ. ಜೀವ ಇದ್ದಾಗ್ಲೇ ಗೋರಿಯಾಗೆ ಮಲಗು ಅಂತಾರೆ. ನಡೀರಿ ಮನೆಗೆ."

ಹುಡುಗಿ ನಯವಾಗಿ ಹೇಳಿದಳು, ನಾನು ಜೋರಾಗಿ ಹೇಳಿದೆ. ಅತ್ತೆ ಚಪ್ಪಲಿ ಮೆಟ್ಟಿದರು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅತ್ತೆಯ ಬದಲು ಬೇರೊಬ್ಬ ರೋಗಿಯನ್ನು ಒಳಗೆ ಕರೆದಿದ್ದರು. ಮಾವ ಹೋಗಿ ಮುಚ್ಚಿದ ಬಾಗಿಲಿಗೆ ಕಿವಿಯೊಡ್ಡಿ ಕಣ್ಣು ಮುಚ್ಚಿ ನಿಂತರು. ಆ ರೋಗಿಯ ಸ್ಕ್ಯಾನ್ ಮುಗಿಯುವವರೆಗೆ ನಿಂತೇ ಇದ್ದರು. ಹುಡುಗಿ ನನ್ನ ಮುಖ ನೋಡಿದಳು. ಇತಿಹಾಸದ ಮೇಷ್ಟರು ಎಂದೆ. ಅದಕ್ಕಿಂತ ಸಣ್ಣ ವಿವರಣೆ ಇರಲಿಲ್ಲ.

ಆಮೇಲೆ ಬಂದು ಅತ್ತೆಯ ಪಕ್ಕ ಕೂತರು.

"ಪೂರ್ತಿ ಕೇಳ್ದೆ. ಮೊದ್ಲು ಟಕ್ ಟಕ್ ಅಂತೈತೆ, ಕಪ್ಪು ಬಿಳುಪಿನದು, ನಿರುಪದ್ರವಿ. ಆಮ್ಯಾಲೆ ಡಗಡಗ ಅಂತ ಬಾಗ್ಲು ಬಡೀತೈತೆ, ತೆಗೆಯಾಕ ಹೋಗಬ್ಯಾಡ. ನಡುವೆ ಸುಮ್ಮನಾಗ್ತೈತೆ, ಅದು ವಿರಾಮ. ಕಡೀಗೆ ಗುಂಯ್ ಅಂತ ಜೋರು ಬಂತಂದ್ರೆ ಮುಗೀತು ಅಂತ. ದೆವ್ವ ಮಾತ್ರ ಇಲ್ಲ."

"ಖರೇನಾ?"

"ನಾ ಒಳಗೆ ಇರ್ತೀನಿ. ಕಾಲು ಹಿಡ್ಕೊಂಡಿರ್ತೀನಿ. ಒಂದೊಂದು ಸದ್ದಿಗೂ ಒಂದೊಂದು ಸಲ ಒತ್ತುತೀನಿ. ಲೆಕ್ಕ ತಿಳೀತದೆ ನಿಂಗ."

ಒಬ್ಬರು ಒಳಗಿರಬಹುದೆಂದು ಹುಡುಗಿ ಒಪ್ಪಿ, ಮಾವನ ವಾಚು, ಬೀಗದಕೈ ಕಳಚಿಸಿದಳು. ಅತ್ತೆ ಹೋದರು. ಗಾಜಿನಾಚೆ ನನಗೆ ಕಂಡದ್ದು ಇಷ್ಟೇ: ಕೊಳವೆಯಿಂದ ಹೊರಗಿರುವ ಎರಡು ಪಾದ, ಅವುಗಳ ಮುಂದೆ ಬಾಗಿ ನಿಂತ ಮಾವ.

ಹೊರಬಂದ ಅತ್ತೆ ತಾಳಿ ಹಾಕಿಕೊಳ್ಳುತ್ತ ವಿಮರ್ಶೆ ನೀಡಿದರು. "ವಿರಾಮ ಆದ ಮ್ಯಾಲೆ ಭಾಳ ಎಳೆದಾರೆ."

ಸಂಜೆಗೆ ವರದಿ ಬಂತು. ಗಡ್ಡೆ ಇಲ್ಲ, ತಲೆಸುತ್ತು ಕಿವಿಯ ಒಳಗಿನ ದೋಷ, ಕೆಲವು ವ್ಯಾಯಾಮಗಳಿಂದ ಹೋಗುತ್ತದೆ ಎಂದರು ಡಾಕ್ಟರು. ಮಾವ, "ಇನ್ನೊಂದ್ಸಲ ಹೇಳ್ರಿ" ಎಂದರು. ಅವರು ಹೇಳಿದರು. "ಇವಳಿಗೂ ಕೇಳೋ ಹಂಗ ಹೇಳ್ರಿ." ಡಾಕ್ಟರು ಒಳ್ಳೆಯವರು, ನಗುತ್ತ ಮತ್ತೆ ಹೇಳಿದರು.

ಹೊರಗಿನ ಬೆಂಚಿಗೆ ಬಂದಾಗ ಮಾವ ನನ್ನ ಮುಂದೆ ಕೈ ಚಾಚಿದರು. ಕರವಸ್ತ್ರ ಬಿಚ್ಚಿ ಕಾಲುಂಗುರ ಕೊಟ್ಟೆ. ಮಾವ ಕಂಬ ಹಿಡಿದು ನಿಧಾನಕ್ಕೆ ನೆಲದ ಮೇಲೆ ಕೂತು, ಅತ್ತೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡರು. ಓಡಾಡುವ ಜನ ಸುತ್ತಿ ಹೋಗತೊಡಗಿದರು.

"ಏಳ್ರಿ, ಜನ ನೋಡ್ತಾರೆ. ಮನೆಯಾಗೆ ಹಾಕ್ಕೋತೀನಿ," ಎಂದರು ಅತ್ತೆ.

"ನೋಡ್ಲಿ ಬಿಡು," ಎಂದರು ಮಾವ. ಉಂಗುರ ಬೆರಳ ಗಂಟಿನಲ್ಲಿ ತಡೆಯಿತು. "ನೋವಾದ್ರೆ ಹೇಳು."

"ಆಗ್ತಿಲ್ಲ," ಎನ್ನುತ್ತ ಅತ್ತೆ ಸೆರಗಿನಿಂದ ಅವರ ಹಣೆಯ ಬೆವರು ಒರೆಸಿದರು.