ಲೆನ್ಸಿಗೊಂದು ಡಬ್ಬಿ

ಕ್ಯಾಮೆರಾ ಮಾರುವವನು ಎಲ್ಲವನ್ನೂ ಹೇಳುತ್ತಾನೆ. ಹಾರುವ ಕೊಕ್ಕರೆಯ ಕಣ್ಣಿನ ಹುಬ್ಬೂ ಬರುತ್ತದೆ ಸಾಹೇಬರೆ, ಎನ್ನುತ್ತಾನೆ. (ಕೊಕ್ಕರೆಗೆ ಹುಬ್ಬು ಎಲ್ಲಿದೆ ಎಂದು ಕೇಳುವ ಬುದ್ಧಿ ನನಗೂ ಆಗ ಬರಲಿಲ್ಲ.) ಆದರೆ ಇದನ್ನು ಮನೆಗೆ ಒಯ್ದು ಎಲ್ಲಿಡುತ್ತೀರಿ ಎಂಬ ಒಂದು ಮಾತನ್ನು ಮಾತ್ರ ಕೇಳುವುದಿಲ್ಲ. ಕೇಳಿದ್ದರೆ ಆ ದುಡ್ಡಿಗೆ ನಾನು ಎಮ್ಮೆ ತರುತ್ತಿದ್ದೆ. ಎಮ್ಮೆಯನ್ನು ಎಲ್ಲಿ ಕಟ್ಟಬೇಕೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ನಮ್ಮದು ಅಥಣಿ ತಾಲೂಕಿನ ಸತ್ತಿ, ಕೃಷ್ಣಾ ಹೊಳೆಯ ದಂಡೆ. ಮನೆಯ ಹಿಂದೆ ಕಬ್ಬು, ಮುಂದೆ ಸ್ವಲ್ಪ ದ್ರಾಕ್ಷಿ, ನಡುವೆ ನಾನು ಈಶ್ವರ, ನನ್ನ ಹೆಂಡತಿ ಉಜ್ವಲಾ ಮತ್ತು ನನ್ನ ತಾಯಿ ರುಕ್ಮವ್ವ. ತಂದೆಯ ವಾಸವೆಲ್ಲ ಹೊಲದ ಗುಡಿಸಲಿನಲ್ಲೇ. ಒಣದ್ರಾಕ್ಷಿಗೆ ಒಳ್ಳೆಯ ದರ ಸಿಕ್ಕ ವರ್ಷ ನನಗೆ ಕಲೆಯ ಹುಚ್ಚು ಹಿಡಿಯಿತು. ಕ್ಯಾಮೆರಾ, ಮೂರು ಲೆನ್ಸು, ಫ್ಲಾಶು, ಸ್ಟ್ಯಾಂಡು ಎಲ್ಲ ಬಂದವು. ಮಳೆಗಾಲವೂ ಬಂತು. ಗಣೇಶ ಚೌತಿಗೆ ಹೊರಗೆ ತೆಗೆದು ನೋಡುತ್ತೇನೆ, ಎಲ್ಲಕ್ಕಿಂತ ದೊಡ್ಡ ಲೆನ್ಸಿನ ಹೊಟ್ಟೆಯೊಳಗೆ ಬಿಳಿ ಬೂಷ್ಟು ಕಾಲು ಚಾಚಿ ಕೂತಿದೆ.

"ಅಹೋ, ನಾವು ಉಪ್ಪಿನಕಾಯಿಗೂ ಬೂಸರ ಬರಗೊಡಂಗಿಲ್ಲರಿ," ಎಂದಳು ಉಜ್ವಲಾ. ಅವಳು ನಿಪ್ಪಾಣಿಯವಳು. ಗಂಡನನ್ನು ಮರಾಠಿಯಲ್ಲಿ ಕರೆದು ಕನ್ನಡದಲ್ಲಿ ಬೈಯುತ್ತಾಳೆ.

ಆ ದಿನದಿಂದ ನಮ್ಮ ಮನೆಯಲ್ಲಿ ಛಾಯಾಗ್ರಹಣ ಸಾಮಗ್ರಿ ಸಂರಕ್ಷಣಾ ಮಹಾಭಿಯಾನ ಶುರುವಾಯಿತು. ಗಾಳಿಯಾಡದ ಡಬ್ಬಿ ಬೇಕು, ಒಳಗೆ ತೇವ ಹೀರುವ ಹರಳಿನ ಪೊಟ್ಟಣ ಬೇಕು ಎಂದು ಮೊಬೈಲಿನಲ್ಲಿ ಒಬ್ಬ ಹೇಳಿದ. ಪೊಟ್ಟಣಗಳು ಚಪ್ಪಲಿ ಅಂಗಡಿಯಲ್ಲಿ ಸಿಕ್ಕವು. ಡಬ್ಬಿಗಾಗಿ ನಾನು ಅಡುಗೆಮನೆಗೆ ನುಗ್ಗಿದೆ. ಉಜ್ವಲಾ ಬೇಸಿಗೆಯೆಲ್ಲ ಬೆವರು ಸುರಿಸಿ ಮಾಡಿದ ಹಪ್ಪಳ, ಶಂಡಿಗೆಗಳನ್ನು ಅವುಗಳ ಸ್ಟೀಲ್ ಡಬ್ಬಿಗಳಿಂದ ಪ್ಲಾಸ್ಟಿಕ್ ಚೀಲಗಳಿಗೆ ವರ್ಗಾವಣೆ ಮಾಡಿ, ಡಬ್ಬಿಗಳ ಮೇಲೆ 'ಲೆನ್ಸ್', 'ಬ್ಯಾಟರಿ', 'ಇತರೆ' ಎಂದು ಚೀಟಿ ಅಂಟಿಸಿದೆ. ದಸರೆಗೆ ಬೀಗರು ಬಂದಾಗ ಹಪ್ಪಳ ಕರಿದರೆ ಅವು ಎಣ್ಣೆಯಲ್ಲಿ ಹಸಿ ಬಟ್ಟೆಯ ಹಾಗೆ ಮಲಗಿದವು. ಉಳಿದ ಶಂಡಿಗೆಯಾದರೂ ಇರಲಿ ಎಂದು ಅವಳು 'ಇತರೆ' ಡಬ್ಬಿಗೆ ಕೈ ಹಾಕಿದಳು. ಹರಳಿನ ಪೊಟ್ಟಣ ಬಿಚ್ಚಿ ಸಾಬೂದಾಣಿ ಶಂಡಿಗೆ ಎಂದು ಬಾಣಲೆಗೆ ಸುರಿಯುವಷ್ಟರಲ್ಲಿ ನಾನು ಹೋಗಿ ಕೈ ಹಿಡಿದೆ.

"ಇನ್ನೊಮ್ಮೆ ನನ್ನ ಡಬ್ಬಿ ಮುಟ್ಟಿದ್ರ, ನಿಮ್ಮ ಕ್ಯಾಮೆರಾ ಕರದು ಬೀಗರ ತಾಟಿಗೆ ಹಾಕತೀನಿ," ಎಂದಳು. ಅವಳು ಹೇಳಿದ್ದನ್ನು ಮಾಡುವ ಹೆಂಗಸು.

ಹೀಗೆ ಗಡಿಪಾರಾದ ನಾನು ಅಟ್ಟ ಹತ್ತಿದೆ. ಅಡುಗೆಮನೆಯ ಮೇಲಿನ ಅಟ್ಟ ನಮ್ಮ ಮನೆಯಲ್ಲೇ ಬೆಚ್ಚಗಿನ ಜಾಗ. ಅಲ್ಲಿ ಮೂಲೆಯಲ್ಲಿ ಹಳೆಯ ಕೌದಿಯೊಂದರಲ್ಲಿ ಸುತ್ತಿಟ್ಟ ದೊಡ್ಡ ಹಿತ್ತಾಳೆ ಡಬ್ಬಿ ಸಿಕ್ಕಿತು. ಒಂದು ಬದಿ ಸ್ವಲ್ಪ ನೆಗ್ಗಿತ್ತು. ಆದರೆ ಮುಚ್ಚಳವೋ! ಎರಡೂ ಮೊಣಕಾಲ ನಡುವೆ ಡಬ್ಬಿ ಹಿಡಿದು ತಿರುವಿದರೇ ಬಿಡುವುದು. ಒಳಗಿನಿಂದ ಹಳೆಯ ಬೆಲ್ಲದ್ದೋ ತುಪ್ಪದ್ದೋ ಕಮಟು ವಾಸನೆ ಬಂತು. ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕಿ, ಬಿಸಿಲಿಗಿಟ್ಟು ಒಣಗಿಸಿ, ಕ್ಯಾಮೆರಾ, ಲೆನ್ಸು ಎಲ್ಲ ಅದರಲ್ಲಿ ಜೋಡಿಸಿ ಮತ್ತೆ ಅಟ್ಟಕ್ಕೇರಿಸಿದೆ. ಈ ವಿಷಯವನ್ನು ಉಜ್ವಲಾಗೆ ಹೇಳಲಿಲ್ಲ, ತಾಯಿಗೂ ಹೇಳಲಿಲ್ಲ. ಡಬ್ಬಿ ಎಂದರೆ ಈ ಮನೆಯಲ್ಲಿ ಯಾವ ಹೆಂಗಸು ಯಾವಾಗ ಉರಿದು ಬೀಳುತ್ತಾಳೋ ಹೇಳಲಾಗದು.

ಈಗ ನನ್ನ ತಾಯಿಯ ತಂಗಿಯ ವಿಷಯ ಹೇಳಬೇಕು. ಅವಳು ಜುಗೂಳದ ಅಕ್ಕುತಾಯಿ ಮಾವಶಿ. ಅಕ್ಕ-ತಂಗಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ, ಅವರ ತಾಯಿ ನಾಗರಪಂಚಮಿಯ ಉಂಡೆ ತುಂಬಿಡುತ್ತಿದ್ದ ಒಂದು ಹಿತ್ತಾಳೆ ಡಬ್ಬಿ. ಆ ಅಜ್ಜಿ ಸಾಯುವಾಗ ಅದನ್ನು ಅಕ್ಕುತಾಯಿಗೆ ಎಂದಿದ್ದಳಂತೆ. ಡಬ್ಬಿ ನಮ್ಮ ಮನೆಗೆ ಬಂದಿತ್ತು. ಮಾವಶಿ ಕೇಳಲು ಬಂದಾಗ ನನ್ನ ತಾಯಿ, "ಮಹಾಪೂರ ಬಂದಾಗ ಹೊಳ್ಯಾಗ ಹೋತು," ಎಂದು ಆಣೆ ಮಾಡಿ ಹೇಳಿದ್ದಳು. ನಮ್ಮ ಕಡೆ ಸಿಗದಿದ್ದದ್ದೆಲ್ಲ ಮಹಾಪೂರದಲ್ಲಿ ಹೋದದ್ದೇ ಆಗಿರುತ್ತದೆ. ಮಾವಶಿ ನಂಬಲಿಲ್ಲ. ನಾನು ನಂಬಿದೆ. ಹೊಳೆಗೆ ಹೋದ ಡಬ್ಬಿ ನಮ್ಮ ಅಟ್ಟದ ಮೇಲೆ ಇರಲು ಹೇಗೆ ಸಾಧ್ಯ? ಇದು ನನ್ನ ಬುದ್ಧಿಯ ಮಟ್ಟ. ನೀವು ಆಗಲೇ ತಲೆ ಚಚ್ಚಿಕೊಂಡಿರುತ್ತೀರಿ, ಚಚ್ಚಿಕೊಳ್ಳಿ.

ತುಳಸಿ ಲಗ್ನ ಮುಗಿದ ಮೇಲೆ ಒಂದು ಮಧ್ಯಾಹ್ನ ಮನೆಯ ಮುಂದೆ ಜೀಪು ನಿಂತಿತು. ಮಾವಶಿ ಇಳಿದಳು! ಮೊಮ್ಮಗಳು ಮಯೂರಿಯ ಮದುವೆ. ಒಡಹುಟ್ಟಿದವಳಿಗೆ ಕುಂಕುಮ ಹಚ್ಚಿ ಮೊದಲು ಕರೆಯದೆ ಊರಿಗೆ ಪತ್ರಿಕೆ ಹಂಚುವಂತಿಲ್ಲ. ಬಾಗಿಲಲ್ಲಿ ನಿಂತು, "ನಾ ಕುಂದ್ರಾಕ ಬಂದಿಲ್ಲ. ಕುಂಕುಮ ಹಚ್ಚಿ ಹೊಂಟೆ," ಎಂದಳು.

"ನಿಂತ ಕುಂಕುಮ ಹಚ್ಚಿಸ್ಕೊಳ್ಳಾಕ ನಾ ಏನ ಕಂಬ ಅದೀನೇನು? ಬಾ ಒಳಗ," ಎಂದಳು ನನ್ನ ತಾಯಿ.

ಕೂತಳು. ಚಹಾ ಬಂತು. ಚುರುಮುರಿ ಬಂತು. ಚಿಕ್ಕಂದಿನಲ್ಲಿ ಇಬ್ಬರೂ ಕಬ್ಬಿನ ಹೊಲದಲ್ಲಿ ಅಡಗಿ ಕೂತು, ಅಕ್ಕನನ್ನು ನೋಡಲು ಬಂದ ವರನಿಗೆ ಮಣ್ಣಿನ ಹೆಂಟೆ ಎಸೆದದ್ದು ನೆನಪಿಗೆ ಬಂತು. ಆ ಹೆಂಟೆ ತಿಂದವನೇ ಮುಂದೆ ನನ್ನ ತಂದೆಯಾದನಂತೆ! ಇಬ್ಬರೂ ಪಡಸಾಲೆಯ ಉದ್ದನೆಯ ಮರದ ಬಾಕಿನ ಮೇಲೆ ಒಬ್ಬರ ಹೆಗಲಿಗೊಬ್ಬರು ಒರಗಿ, ಕಣ್ಣೀರು ಬರುವ ಹಾಗೆ ನಗತೊಡಗಿದರು. ಹಲ್ಲು ಹೋದ ಮೇಲೆ ಸೆರಗು ಅಡ್ಡ ಹಿಡಿಯದೆ ನಗದ ನನ್ನ ತಾಯಿ ಬಾಯಿ ತೆರೆದು ನಕ್ಕಳು. ಆಮೇಲೆ ನನ್ನತ್ತ ತಿರುಗಿ, "ಈಶ್ಯಾ, ನಮ್ಮಿಬ್ಬರ್ದು ಒಂದು ಫೋಟೋ ತಗೀಯೋ," ಎಂದಳು.

ಇದು ಎಂಥ ಮಾತು ಎಂದು ನಿಮಗೆ ತಿಳಿಯಬೇಕು. ಕ್ಯಾಮೆರಾ ಬಂದ ದಿನದಿಂದ ನಾನು ಅವಳ ಹಿಂದೆ ಬಿದ್ದಿದ್ದೆ. "ಈಗಿಂದ್ಲ ಗ್ವಾಡಿಗೆ ತೂಗು ಹಾಕತೀಯೇನು ನನ್ನ?" ಎಂದು ಮುಖಕ್ಕೆ ಸೆರಗೆಳೆದು ಓಡುತ್ತಿದ್ದವಳು ಅವಳು. ಇವತ್ತು ತಾನಾಗಿ ಕೇಳುತ್ತಿದ್ದಾಳೆ, ಅದೂ ತಂಗಿಯ ಜೊತೆಗೆ.

ನಾನು ಅಟ್ಟದ ಏಣಿಗೆ ಹಾರಿದೆ. ಕೆಳಗಿನಿಂದ ಉಜ್ವಲಾ ಕೂಗಿದಳು, "ಅಹೋ, ಕಿಸೆದಾಗ ಮೊಬೈಲ್ ಐತಲ್ಲ, ಅದರಾಗ ಹೊಡೀರಿ ಲಗೂನ!"

"ಮೊಬೈಲನ್ಯಾಗ? ನಮ್ಮ ಅವ್ವನ ಫೋಟೋ? ಏನ ಮಾತಂತ ಆಡ್ತಿ!" ಎಂದೆ ಅಟ್ಟದಿಂದ. ಆ ಮಾತನ್ನು ಈಗ ನುಂಗಲು ಬರುವಂತಿದ್ದರೆ ನೀರಿಲ್ಲದೆ ನುಂಗುತ್ತಿದ್ದೆ.

ಡಬ್ಬಿಯನ್ನು ಎದೆಗವುಚಿ ಇಳಿದೆ. ತಂದು ಬಾಕಿನ ಮುಂದೆ, ಅವರ ಕಾಲ ಬುಡದಲ್ಲೇ ಇಟ್ಟೆ. ಇನ್ನೂ ನಗುತ್ತಿದ್ದರು. ಆಗಲಾದರೂ ಯಾವುದಾದರೊಂದು ಲೆನ್ಸು ಸಿಕ್ಕಿಸಿ ಗುಂಡಿ ಒತ್ತಬಹುದಿತ್ತು. ನಾನು ಯಾವ ಲೆನ್ಸು ಎಂದು ಯೋಚಿಸಿದೆ. ಬ್ರಷ್ಷು ತೆಗೆದು ಧೂಳು ಒರೆಸಿದೆ, ಅರಿವೆ ತೆಗೆದು ಗಾಜು ಒರೆಸಿದೆ, ಬೆಳಕಿಗೆ ಹಿಡಿದು ನೋಡಿದೆ. ತಲೆ ಎತ್ತಿದಾಗ ನಗು ನಿಂತಿತ್ತು.

"ಅಕ್ಕಾ, ಈ ಡಬ್ಬಿ ಯಾವ್ದು?" ಮಾವಶಿ ಬಗ್ಗಿ ನೆಗ್ಗಿದ ಜಾಗದ ಮೇಲೆ ಬೆರಳಾಡಿಸಿದಳು. "ಈ ನೆಗ್ಗು ನಂದು. ಬಾವಿ ಮೆಟ್ಟಲ ಮ್ಯಾಲ ಕೆಡವಿದ್ದೆ. ಅವ್ವ ನನಗ ಬಡಿಗಿ ತಗೊಂಡು ಬಡದಿದ್ಲು. ನಾ ಮರೀತೀನೇನು ಇದನ್ನ?"

ನನ್ನ ತಾಯಿಯ ಸೆರಗು ಮತ್ತೆ ಬಾಯಿಗೆ ಬಂತು. ನಾನು ಸಹಾಯಕ್ಕೆ ಧಾವಿಸಿದೆ. (ಯಾರಾದರೂ ನನ್ನ ಬಾಯಿಗೆ ಆ ಮುಚ್ಚಳ ಬಡಿಯಬಾರದಿತ್ತೆ!) "ಹಂಗಲ್ರಿ ಮಾವಶಿ, ಅಟ್ಟದ ಮ್ಯಾಲ ಕೌದ್ಯಾಗ ಸುತ್ತಿ ಭಾಳ ಜ್ವಾಕಿಲೆ ಇಟ್ಟಿದ್ರು," ಎಂದೆ.

"ಜ್ವಾಕಿಲೆ! ಕೇಳಿದೇನ ಅಕ್ಕಾ, ನಿನ್ನ ಮಗನ ಹೇಳಾಕತ್ತಾನ. ಹೊಳಿಗೆ ಹೋಗಿತ್ತಂತಲ್ಲ? ಹೊಳಿ ಯಾವಾಗ ತಂದುಕೊಟ್ಟು ಹೋತು? ಒಳಗ ಇಷ್ಟ ಗಾಜು ಬ್ಯಾರೆ ತುಂಬಿ ಕೊಟ್ಟೈತಿ!"

"ಅಕ್ಕು, ಕುಂದರ. ನನ್ನ ಮಾತ ಕೇಳ," ಎಂದಳು ತಾಯಿ.

"ಆಣಿ ಮಾಡಿದಾಕಿ ಮಾತು ಏನ ಕೇಳ್ಲಿ?" ಮಾವಶಿ ನನ್ನ ಲೆನ್ಸುಗಳನ್ನೆಲ್ಲ ಬಾಕಿನ ಮೇಲೆ ಬಟಾಟೆಯಂತೆ ಸುರುವಿ, ಖಾಲಿ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಜೀಪು ಹತ್ತಿದಳು. ಕುಂಕುಮದ ಭರಣಿ ಮುಚ್ಚಿಯೇ ಉಳಿಯಿತು, ಪತ್ರಿಕೆಯೂ ಅವಳ ಜೊತೆಗೇ ಹೋಯಿತು. ಮಯೂರಿಯ ಮದುವೆಗೆ ನನ್ನ ತಾಯಿ ಹೋಗಲಿಲ್ಲ.

ಸಿಟ್ಟಾದರೂ ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಬೈಯಲೂ ಇಲ್ಲ. ಮದುವೆಯ ದಿನ ಹೊತ್ತು ಮುಳುಗುವಾಗ ಮಾತ್ರ ಹೇಳಿದಳು: "ಕೊಡಬೇಕಂತನ ಇದ್ದೆನೋ. ಆದ್ರ ಮುಚ್ಚಳ ತಗದ್ರ ಅವ್ವನ ಉಂಡಿ ವಾಸನಿ ಬರತಿತ್ತು. ಮೊಣಕಾಲ ಹೋದ ಮ್ಯಾಲ ಅಟ್ಟ ಹತ್ತಾಕ ಆಗಲಿಲ್ಲ. ಮ್ಯಾಲ ಐತಿ ಅನ್ನೂದಾರ ಗೊತ್ತಿತ್ತಲ್ಲ, ಅಷ್ಟ ಸಾಕಿತ್ತು."

ಹುಣಸೆಹಣ್ಣು ಹಚ್ಚಿ ತಿಕ್ಕಿದ್ದನ್ನು ನಾನು ಅವಳಿಗೆ ಇವತ್ತಿಗೂ ಹೇಳಿಲ್ಲ. ನೀವೂ ಹೇಳಬೇಡಿ.

ಕೆಲವು ದಿನ ಕಳೆದ ಮೇಲೆ ಅವಳು ಇಳಕಲ್ ಸೀರೆ ಉಟ್ಟು, ನತ್ತು ಇಟ್ಟು ಬಾಕಿನ ಬಲತುದಿಗೆ ಹಿಡಿಕೆ ಹಿಡಿದು ಕೂತಳು. "ತಗಿ ಫೋಟೋ," ಎಂದಳು. ಪಕ್ಕದಲ್ಲಿ ಅರ್ಧ ಬಾಕು ಖಾಲಿ ಬಿಟ್ಟಿದ್ದಳು.

"ನಡಕ್ಕ ಸರೀ ಅವ್ವಾ."

"ಅದು ಅಕ್ಕುಂದು. ಅಕಿನ್ನ ಕಂಪ್ಯೂಟರದಾಗ ಕುಂಡ್ರಸಾಕ ಬರತೈತಲ್ಲ?"

ಬರುತ್ತದೆ! ನನ್ನ ಪಾಪ ತೊಳೆಯಲು ದಾರಿ ಸಿಕ್ಕಿತೆಂದು ಕ್ಯಾಮೆರಾ ಹೊತ್ತು ಜುಗೂಳಕ್ಕೆ ಓಡಿದೆ. ಮಾವಶಿ ಬಾಗಿಲಲ್ಲೇ ತಡೆದಳು. "ಆಕಿ ಸಂಗಾಟ ನಾ ಕುಂದ್ರಂಗಿಲ್ಲ," ಎಂದಳು. ನನ್ನ ಹೆಗಲ ಕ್ಯಾಮೆರಾ ನೋಡಿ, "ಕಂಪ್ಯೂಟರದಾಗ ಬೇಕಾದ್ರ ಕುಂದ್ರತೀನಿ," ಎಂದಳು. ಒಳಗೆ ಹೋಗಿ ಹೊಸ ಸೀರೆ ಉಟ್ಟು, ನತ್ತು ಇಟ್ಟು ಬಂದಳು. ಅವರ ಮನೆಯಲ್ಲೂ ಅಂಥದೇ ಬಾಕು. ಅವಳೂ ಬಲತುದಿಯ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

"ಮಾವಶಿ, ಅವ್ವ ಬಲಕ್ಕ ಕುಂತಾಳ. ನೀವು ಎಡಕ್ಕ ಬರ್ರಿ."

"ತಪ್ಪು ಅಕಿದು. ಅಕಿನ್ನ ಎಡಕ್ಕ ಬಾ ಅನ್ನು."

ಮನೆಗೆ ಬಂದು ತಾಯಿಗೆ ಹೇಳಿದೆ. "ಹಿರ್ಯಾಕಿ ನಾ. ಅಕಿನ ಬರ್ಲಿ," ಎಂದಳು. ಮತ್ತೆ ಜುಗೂಳಕ್ಕೆ ಹೋದೆ, ಮತ್ತೆ ಬಂದೆ. ಹಿಡಿಕೆ ಯಾರೂ ಬಿಡಲಿಲ್ಲ. ಕೊನೆಗೆ ಎರಡೂ ಫೋಟೋ ಹಿಡಿದು ಅಥಣಿಯಲ್ಲಿ ಮದುವೆ ಆಲ್ಬಂ ಮಾಡುವ ಮಾಳೇಶನ ಹತ್ತಿರ ಹೋದೆ.

"ಸರ, ಇಬ್ಬರೂ ಒಂದ ತುದಿಗೆ ಅದಾರ. ಒಬ್ಬರ ತೊಡಿ ಮ್ಯಾಲ ಒಬ್ಬರನ್ನ ಕುಂಡ್ರಸಲ್ಯಾ?" ಎಂದ ಅವನು.

"ಮಾವಶಿನ್ನ ತಿರುವಿ ಹಾಕಪಾ, ಕನ್ನಡ್ಯಾಗ ನೋಡಿದಂಗ," ಎಂದೆ. ಈ ಬುದ್ಧಿವಂತಿಕೆಯೂ ನನ್ನದೇ.

ಕಟ್ಟು ಹಾಕಿಸಿದ ಫೋಟೋ ತಂದು ತಾಯಿಯ ತೊಡೆಯ ಮೇಲಿಟ್ಟೆ. ಅವಳು ಕನ್ನಡಕ ಹುಡುಕಿ ಹಾಕಿಕೊಂಡಳು. ಉಜ್ವಲಾ ಹಿಂದೆ ನಿಂತು ಇಣುಕಿದಳು.

"ಅಕ್ಕುನ ನತ್ತು ಬಲಕ್ಕ ಯಾಕ ಬಂತೋ? ಸೆರಗೂ ಉಲ್ಟಾ. ಯಾರೋ ಇಕಿ?"

ನಾನು ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಿದೆ. ಅವಳು ಗಾಜಿನ ಮೇಲೆ, ತಂಗಿಯ ಮುಖದ ಮೇಲೆ, ಸೆರಗಿನಿಂದ ಇಷ್ಟಿಷ್ಟೇ ಒರೆಸಿದಳು.

"ಇಬ್ಬರೂ ನಕ್ಕೇ ಇಲ್ಲ ನೋಡು," ಎಂದಳು. "ಅವತ್ತ ಎಷ್ಟ ನಗಾಕತ್ತಿದ್ವಿ! ಅವಾಗ ನೀ ಎಲ್ಲಿದ್ದಿ?"

"ಅಟ್ಟದ ಮ್ಯಾಲಿದ್ದೆ ಅವ್ವಾ," ಎಂದೆ.