ಮೀನಿನ ಬಾಯಿ ಯಾವ ಕಡೆ?

ಈ ಸಂಗತಿಯನ್ನು ಹೇಳಬೇಕೆಂದುಕೊಂಡು ಎಷ್ಟೋ ವರ್ಷಗಳಾದವು. ಒಮ್ಮೆ ಕನ್ನಡಕ ಸಿಗಲಿಲ್ಲ, ಒಮ್ಮೆ ಪೆನ್ನು ಬರೆಯಲಿಲ್ಲ. ಒಮ್ಮೆ ಎರಡೂ ಸರಿಯಾಗಿದ್ದವು, ಆದರೆ ಹೆಂಡತಿ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಪ್ಪೊಪ್ಪಿಕೊಳ್ಳುವುದನ್ನು ಮುಂದೂಡುವಾಗ ಮನುಷ್ಯ ತೋರಿಸುವ ಶ್ರದ್ಧೆಯನ್ನು ಬೇರೆ ಯಾವ ಕೆಲಸದಲ್ಲೂ ತೋರಿಸುವುದಿಲ್ಲ. ನನಗೆ ಇನ್ನೊಂದು ಕಾರಣವೂ ಇತ್ತು. ಇದು ನನ್ನ ಜೀವನದ ಅತಿ ದೊಡ್ಡ ವಿಜಯದ ಕಥೆ. ನನ್ನ ವಿಜಯಗಳ ಪಟ್ಟಿ ಬಹಳ ಚಿಕ್ಕದು. ಇದೊಂದನ್ನು ಹೊಡೆದುಹಾಕಿದರೆ ಎಸ್ಸೆಸ್ಸೆಲ್ಸಿ ಪಾಸಾದದ್ದು ಮಾತ್ರ ಉಳಿಯುತ್ತದೆ.

ನಾನು ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ನಾರಾಯಣಗೂಡದ ಒಂದೇ ವಠಾರದಲ್ಲಿ ಕಾರ್ಖಾನೆಯ ಏಳೆಂಟು ಕನ್ನಡದ ಸಂಸಾರಗಳಿದ್ದೆವು. ಉಳಿದ ಗಂಡಸರೆಲ್ಲ ಫಿಟ್ಟರು, ಟರ್ನರು, ವೆಲ್ಡರು. ಅವರ ಕೈಗೆ ಎಣ್ಣೆ ಮೆತ್ತುತ್ತಿತ್ತು, ನನ್ನ ಕೈಗೆ ಕಾರ್ಬನ್ ಪೇಪರಿನ ನೀಲಿ. ಮೇಲಿನ ಮನೆಯ ಫಿಟ್ಟರ್ ವಿಠ್ಠಲರಾಯರು ಸಿಕ್ಕಾಗಲೆಲ್ಲ, "ಪಾಟೀಲರ, ನಿಮಗ ಪಾನಾದ ನಂಬರ್ ಗೊತ್ತೈತಿ, ಪಾನಾ ಹಿಡಿಯೂದು ಗೊತ್ತಿಲ್ಲ ನೋಡ್ರಿ" ಎಂದು ಎಲ್ಲರೆದುರು ನಗುತ್ತಿದ್ದರು. ಪಾನಾ ಎಂದರೆ ನಟ್ಟು ಬಿಚ್ಚುವ ಸ್ಪ್ಯಾನರು. ನಾನೂ ನಗುತ್ತಿದ್ದೆ. ಮನೆಗೆ ಬಂದು ಹೆಂಡತಿಯ ಮೇಲೆ ಸಿಡುಕುತ್ತಿದ್ದೆ.

ಹೀಗಿರುವಾಗ ನನ್ನ ಮೋಟಾರ್ ಸೈಕಲ್ಲು ಕಟಕಟ ಎನ್ನತೊಡಗಿತು. ವಠಾರದ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಒಬ್ಬ ಮೆಕ್ಯಾನಿಕ್ ಇದ್ದರು. ನಮ್ಮೆಲ್ಲರ ಗಾಡಿಗಳೂ ಅವರ ಬಳಿಗೇ ಹೋಗುತ್ತಿದ್ದವು, ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರು ಬಗ್ಗಿ ನೋಡಿ, "ಚೈನ್ ಸೆಟ್ ಖಲಾಸ್, ಸಾಬ್" ಎಂದರು. ಚೈನು, ಮುಂದಿನ ಹಲ್ಲುಚಕ್ರ, ಹಿಂದಿನ ಹಲ್ಲುಚಕ್ರ ಮೂರನ್ನೂ ಒಟ್ಟಿಗೆ ಬದಲಿಸಬೇಕು ಎಂದರ್ಥ. ಅಲ್ಲೇ ನಿಂತಿದ್ದ ವಿಠ್ಠಲರಾಯರು, "ಪಾಟೀಲರ ಕೈಯಾಗ ಮಾತ್ರ ಕೊಡಬ್ಯಾಡ್ರೆಪಾ, ಚೀಟಿ ಹಚ್ಚಿ ಕಪಾಟಿನಾಗ ಇಡತಾರ" ಎಂದರು. ನನಗೆ ರೇಗಿತು. "ನಾನಽ ಮನ್ಯಾಗ ಹಾಕ್ತೀನಿ" ಎಂದುಬಿಟ್ಟೆ.

ಆಡಿದ ಮೇಲೆ ಭಯವಾಯಿತು. ಆಗ ನಾರಾಯಣಗೂಡದ ಗೋಡೆಗಳ ಮೇಲೆಲ್ಲ ಕಂಪ್ಯೂಟರ್ ಕ್ಲಾಸುಗಳ ಬೋರ್ಡು ನೇತಾಡುತ್ತಿದ್ದ ಕಾಲ. ಒಂದು ಬೋರ್ಡಿನಲ್ಲಿ ಆರು ವಾರಗಳಲ್ಲಿ ಜಾವಾ ಕಲಿಸುತ್ತೇವೆ ಎಂದಿತ್ತು. ನಮ್ಮ ಮಾವನ ಬಳಿ ಜಾವಾ ಎಂಬ ಮೋಟಾರ್ ಸೈಕಲ್ಲಿತ್ತು. ದೇವರೇ ದಾರಿ ತೋರಿಸಿದನೆಂದು ಮೆಟ್ಟಿಲು ಹತ್ತಿ, ಮೇಜಿನ ಹಿಂದಿದ್ದ ಹುಡುಗಿಯನ್ನು ನನ್ನ ಹಿಂದಿಯಲ್ಲಿ, ಚೈನು ಹಾಕುವುದು ಎಷ್ಟನೇ ವಾರ ಬರುತ್ತದೆ, ಗಾಡಿ ನಾನೇ ತರಬೇಕೇ ಎಂದು ಕೇಳಿದೆ. ಆಕೆ ಬಹಳ ಮರ್ಯಾದೆಯಿಂದ, "ಅಂಕಲ್, ಯೇ ಸಾಫ್ಟ್‌ವೇರ್ ಹೈ" ಎಂದಳು. ಊರಿಗೆ ಊರೇ ಕಂಪ್ಯೂಟರಿನ ಕಡೆ ಓಡುತ್ತಿದ್ದಾಗ ಚೈನು ಹುಡುಕಿಕೊಂಡು ಹೋದವನು ನಾನೊಬ್ಬನೇ ಇರಬೇಕು.

ಕೊನೆಗೆ ಉಸ್ತಾದರೇ ಗತಿಯಾದರು. ಅವರು ನಗಲಿಲ್ಲ. ಒಳ್ಳೆಯ ಸೆಟ್ಟೊಂದನ್ನು ತರಿಸಿಕೊಟ್ಟು, ತಮ್ಮ ಪಾನಾಗಳನ್ನೂ ಕೊಟ್ಟು, ಯಾವುದನ್ನು ಮೊದಲು ಬಿಚ್ಚಬೇಕು, ಚೈನು ಎಷ್ಟು ಸಡಿಲವಿರಬೇಕು ಎಲ್ಲ ಹೇಳಿದರು. ಚೈನಿನ ಎರಡು ತುದಿಗಳನ್ನು ಕೂಡಿಸುವ ಕೊಂಡಿಯ ಮೇಲೆ ಒಂದು ಪುಟ್ಟ ಲಾಕು ಕೂರುತ್ತದೆ. ನೋಡಲು ಮೀನಿನ ಹಾಗಿರುತ್ತದೆ. ಅದನ್ನು ಬೆರಳ ತುದಿಯಲ್ಲಿ ಹಿಡಿದು, "ಮಛ್ಲಿ ಕಾ ಮೂಹ್ ಆಗೆ ಹೋನಾ, ಸಾಬ್" ಎಂದರು. ಚೈನು ಓಡುವ ದಿಕ್ಕಿಗೆ ಮೀನಿನ ಬಾಯಿ ಇರಬೇಕು. ಇಷ್ಟೇ ತಾನೇ ಎಂದೆ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಪತ್ರಿಕೆ ಹಾಸಿ ಕೂತೆ. ಸ್ಟೋರಿನ ಅಭ್ಯಾಸದಂತೆ ಬಿಚ್ಚಿದ ಪ್ರತಿ ನಟ್ಟಿಗೂ ನಂಬರಿನ ಚೀಟಿ ಇಟ್ಟೆ. ಗಾಳಿ ಬಂದು ಚೀಟಿಗಳೆಲ್ಲ ಹಾರಿದವು. ಮುಂದಿನ ಹಲ್ಲುಚಕ್ರದ ಬೋಲ್ಟು ಅಲುಗಲಿಲ್ಲ. ಗಾಡಿಯನ್ನು ಗೇರಿಗೆ ಹಾಕಿ, ಹೆಂಡತಿಯನ್ನು ಕರೆದು ಬ್ರೇಕು ತುಳಿದು ನಿಲ್ಲುವಂತೆ ಹೇಳಿದೆ. "ಇನ್ನ ಎಷ್ಟೊತ್ತರಿ? ಒಲಿ ಮ್ಯಾಲ ಬ್ಯಾಳಿ ಐತಿ" ಎಂದು ಅವಳು ತುಳಿದ ರಭಸಕ್ಕೋ ನನ್ನ ಜೋರಿಗೋ ಬೋಲ್ಟು ಬಿಟ್ಟಿತು. ಬೇಳೆ ತಳ ಹಿಡಿಯಿತು. ಪಂಚೆಯ ಬಿಳಿ ಎಲ್ಲಿ ಹೋಯಿತೋ ತಿಳಿಯದು. ಆದರೂ ಮಧ್ಯಾಹ್ನದ ಹೊತ್ತಿಗೆ ಎರಡೂ ಹಲ್ಲುಚಕ್ರ ಕೂತವು, ಚೈನು ಕೂತಿತು. ಉಳಿದದ್ದು ಮೀನು.

ನಾವು ಹುಟ್ಟಿದಾರಭ್ಯ ಮೀನು ತಿಂದವರಲ್ಲ, ಹತ್ತಿರದಿಂದ ಕಂಡವರೂ ಅಲ್ಲ. ನಾನು ಕಂಡಿದ್ದ ಒಂದೇ ಮೀನು ಕ್ಯಾಲೆಂಡರಿನ ಮತ್ಸ್ಯಾವತಾರ. ಅದರಲ್ಲಿ ಮೀನಿನ ತಲೆಯ ಜಾಗದಲ್ಲಿ ವಿಷ್ಣು, ಬಾಲದ ಜಾಗದಲ್ಲಿ ಅಲೆಗಳು. ಈ ಲಾಕಿನ ಒಂದು ತುದಿ ದುಂಡಗೆ ಮುಚ್ಚಿತ್ತು, ಇನ್ನೊಂದು ಎರಡಾಗಿ ಸೀಳಿತ್ತು. ತೆರೆದಿರುವುದೇ ಬಾಯಿ ತಾನೇ? ಸೀಳಿದ ತುದಿಯನ್ನು ಮುಂದೆ ಮಾಡಿ ಒತ್ತಿದೆ. ಟಿಕ್ ಎಂದಿತು.

ಸೋಮವಾರ ಗಾಡಿ ಬೆಣ್ಣೆಯಂತೆ ಓಡಿತು, ಅಬಿಡ್ಸ್‌ನ ಅಂಚೆ ಕಚೇರಿಯವರೆಗೆ. ಅಲ್ಲಿ ಝಳ್ ಎಂದು ಚೈನು ರಸ್ತೆಗೆ ಬಿತ್ತು. ಲಾಕು ಹಾರಿಹೋಗಿತ್ತು. ಹಿಂದಿನ ಆಟೋದವನು ನನ್ನ ವಂಶವನ್ನೆಲ್ಲ ನೆನೆದ. ಗಾಡಿ ತಳ್ಳಿಕೊಂಡು ಗೇಟಿಗೆ ಬಂದಾಗ ವಿಠ್ಠಲರಾಯರು ಹಲ್ಲು ಕಿರಿದು ನಿಂತಿದ್ದರು, ಜೊತೆಗೆ ವಠಾರದ ಅರ್ಧ ಜನ. "ಏನಾತ್ರಿ ಪಾಟೀಲರ?" ಎಂಬ ಪ್ರಶ್ನೆಗೆ ನನ್ನ ಬಾಯಿಂದ ಬಂದದ್ದು ಇದು: "ನನ್ನ ಕೆಲಸ ಬರೋಬ್ಬರಿ ಐತ್ರಿ. ಉಸ್ತಾದ್ ಕೊಟ್ಟ ಮಾಲು ನಕಲಿ. ನಿಮ್ಮ ಗಾಡಿ ಸಂಭಾಳಸ್ರಿ." ಮತ್ತೆ ಹಿಂದಿಯಲ್ಲೂ ಹೇಳಿದೆ, ಅಲ್ಲೇ ಇದ್ದ ಉಸ್ತಾದರಿಗೂ ತಿಳಿಯಲಿ ಎಂದು. ಉಸ್ತಾದ್ ಚೈನನ್ನು ಎತ್ತಿ ತಿರುಗಿಸಿ ನೋಡಿ, "ಚೈನ್ ಅಚ್ಛಾ ಹೈ, ಸಾಬ್" ಎಂದರು. ಒಂದು ಹೊಸ ಲಾಕನ್ನು ನನ್ನ ಅಂಗಿಯ ಜೇಬಿಗೆ ಹಾಕಿ ತಮ್ಮ ಮರದ ಕೆಳಗೆ ಹೋದರು.

ಸಂಜೆ ಅಂಗಳದಲ್ಲಿ ಮತ್ತೆ ಕೂತಿದ್ದೆ. ಪಕ್ಕದ ಮನೆಯ ಕಾರವಾರದ ಸುಮಿತ್ರಾಬಾಯಿ ಸಂತೆಯಿಂದ ಬಂದವರು ನನ್ನ ಕೈ ನೋಡಿ ನಿಂತರು. "ಮೀನಿನ ಬಾಯಿ ಮುಂದ ಇರಬೇಕಂತ್ರೀ ಬಾಯಾರ" ಎಂದು ಸೀಳಿದ ತುದಿ ತೋರಿಸಿದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಅಯ್ಯೋ ಮಾರಾಯ್ರೇ, ಅದು ಬಾಯಿ ಅಲ್ಲ, ಬಾಲ!" ಎಂದು ಚೀಲದಿಂದ ಒಂದು ಬಂಗಡೆ ಮೀನನ್ನು ತೆಗೆದು ನನ್ನ ಮೂಗಿನ ಮುಂದೆ ಹಿಡಿದರು. ದುಂಡಗಿನದು ತಲೆ, ಸೀಳಿದ್ದು ಬಾಲ. ಹೆಂಡತಿ ಅಡುಗೆಮನೆಯಿಂದ "ಶಿವಶಿವಾ" ಎಂದಳು. ನನಗೆ ಜ್ಞಾನೋದಯವಾಯಿತು.

ದುಂಡು ತುದಿಯನ್ನು ಮುಂದೆ ಮಾಡಿ ಲಾಕು ಒತ್ತಿ, ಗಾಡಿ ಹತ್ತಿ ಹೊರಟೆ. ಅಬಿಡ್ಸ್ ದಾಟಿದೆ, ಸುಲ್ತಾನ್ ಬಜಾರಿನ ಜನದ ನಡುವೆ ತೂರಿದೆ, ಸುಮ್ಮನೆ ಇನ್ನೊಂದು ಸುತ್ತು ಹಾಕಿದೆ. ಚೈನು ಉಸಿರೆತ್ತಲಿಲ್ಲ. ಗೇಟಿನಲ್ಲಿ ವಿಠ್ಠಲರಾಯರೇ ಬಗ್ಗಿ ಚೈನು ಎತ್ತಿ ನೋಡಿ, "ಭಾಳ ಚಲೋ ಕೂಡಿಸೀರಿ ಬಿಡ್ರಿ" ಎಂದರು. ಹದಿನೆಂಟು ವರ್ಷ ಸ್ಟೋರಿನಲ್ಲಿ ಕೂತವನಿಗೆ ಒಬ್ಬ ಫಿಟ್ಟರು ಹೇಳಿದ ಮಾತು! ಆ ಚೈನು ಆ ಗಾಡಿ ಮಾರುವತನಕ ಬಾಳಿತು. ವಠಾರದವರು ಚೈನಿನ ವಿಷಯಕ್ಕೆ ನನ್ನನ್ನೇ ಕೇಳತೊಡಗಿದರು. ನಾನು ಗಂಭೀರವಾಗಿ, "ಮೀನಿನ ಬಾಯಿ ಮುಂದ ಇರಲಿ" ಎನ್ನುತ್ತಿದ್ದೆ. ಇವತ್ತಿಗೂ ನೆನೆದರೆ ಎದೆ ಉಬ್ಬುತ್ತದೆ, ಸುಳ್ಳು ಹೇಳುವುದಿಲ್ಲ.

ಆದರೆ ಮೀನು ತಿರುವುಮುರುವಾಗಿತ್ತು ಎಂದು ಯಾರಿಗೂ ಹೇಳಲಿಲ್ಲ. ನಕಲಿ ಮಾಲು ತೆಗೆದು ಬೇರೆ ಹಾಕಿದ್ದೇನೆಂದೇ ಗೇಟಿನವರು ತಿಳಿದಿದ್ದರು. ಸುಮಿತ್ರಾಬಾಯಿಗೆ ಗೇಟಿನ ಮಾತು ಗೊತ್ತಿರಲಿಲ್ಲ. ಗೇಟಿನವರಿಗೆ ಬಂಗಡೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದ ನನ್ನ ಹೆಂಡತಿ, "ಉಸ್ತಾದರಿಗೊಂದು ಮಾತು ಹೇಳಿ ಬರ್ರಿ" ಎಂದಳು. ನಾಳೆ ಎಂದೆ. ವಠಾರದ ಒಂದೊಂದೇ ಗಾಡಿ ಉಸ್ತಾದರನ್ನು ಬಿಟ್ಟು ಮುಖ್ಯರಸ್ತೆಯ ಗ್ಯಾರೇಜಿಗೆ ಹೋಗತೊಡಗಿತು. ಒಂದು ದಿನ ಮರದ ಕೆಳಗೆ ಎಣ್ಣೆಯ ಕಲೆ ಮಾತ್ರ ಇತ್ತು. ನಮ್ಮ ರಸ್ತೆಗೆ ಫ್ಲೈಓವರ್ ಬಂದದ್ದರಿಂದ ಉಸ್ತಾದ್ ಹೋದರು ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಫ್ಲೈಓವರ್ ಬಂದದ್ದು ಅದಾಗಿ ಎರಡು ವರ್ಷಕ್ಕೆ.

ಸುಳ್ಳನ್ನು ಎರಡು ಭಾಷೆಯಲ್ಲಿ ಕೂಗಿ ಹೇಳಿದವನು ನಿಜವನ್ನು ಒಂದು ಭಾಷೆಯಲ್ಲೂ ಹೇಳಲಿಲ್ಲ. ಈಗಲೂ ನೋಡಿ, ಇಷ್ಟುದ್ದ ಬರೆದೆ, ಉಸ್ತಾದ್ ಉಸ್ತಾದ್ ಎಂದು ಜಾರಿಕೊಳ್ಳುತ್ತಲೇ ಬಂದೆ. ನಾನು ಕ್ಷಮೆ ಕೇಳದ ಆ ಮನುಷ್ಯನಿಗೆ ಒಂದು ಹೆಸರಿತ್ತು. ಗೌಸ್ ಪಾಶಾ.